ಊದಿದರೆ ಹೊಟ್ಟೆಯೊಳಗಿನದು ಗೊತ್ತಾಗುತ್ತಾ?

‘ಒಂದು ಸಲ ಊದಿದರೆ ಸಾಕು, ಹೊಟ್ಟೆ ಕ್ಯಾನ್ಸರ್ ಪತ್ತೆ’ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಅದನ್ನು ನೋಡಿ ಕೋಲಾರ ಜಿಲ್ಲೆಯ ಓದುಗರು ಬರೆದ ಪ್ರಶ್ನೆಗಳನ್ನು ಈ ಸಲ ತೆಗೆದುಕೊಂಡಿದ್ದೇವೆ. ಉತ್ತರ ಅಂಕಣದ ಜೀರ್ಣಾಂಗ ವೈದ್ಯರು ಮತ್ತು ಪ್ರಯೋಗಾಲಯ ತಜ್ಞರದು.

ಪೊಲೀಸರು ಕುಡಿದವರನ್ನು ಊದಿಸಿ ಹಿಡಿಯುತ್ತಾರಲ್ಲ, ಹಾಗೇ ಕ್ಯಾನ್ಸರನ್ನೂ ಹಿಡಿಯಬಹುದು ಅನ್ನುತ್ತಾರೆ. ಇದರಲ್ಲಿ ನಿಜ ಎಷ್ಟು?
— ಶಿಕ್ಷಕರು, ಬಂಗಾರಪೇಟೆ

ತತ್ವ ಒಂದೇ ಸರ್, ಪ್ರಮಾಣದಲ್ಲಿ ಮಾತ್ರ ಅಜಗಜಾಂತರ. ರಕ್ತದಲ್ಲಿರುವ, ಆವಿಯಾಗಬಲ್ಲ ವಸ್ತು ಯಾವುದೇ ಇರಲಿ, ಶ್ವಾಸಕೋಶದ ಗಾಳಿಗೂಡುಗಳ ತೆಳು ಗೋಡೆ ದಾಟಿ ಉಸಿರಿಗೆ ಬರುತ್ತದೆ. ವಾಹನ ಓಡಿಸುವವರಿಗೆ ಕಾನೂನು ಹಾಕಿರುವ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಆಲ್ಕೋಹಾಲ್. ರಕ್ತಕ್ಕೂ ಉಸಿರಿಗೂ 2100ಕ್ಕೆ 1ರ ಅನುಪಾತ ಹಿಡಿದು ಲೆಕ್ಕ ಹಾಕಿದರೆ, ಆ ಮಿತಿಯಲ್ಲಿರುವವರ ಉಸಿರಿನ ಪ್ರತಿ 10 ಲಕ್ಷ ಅಣುಗಳಲ್ಲಿ 75ರಿಂದ 80 ಆಲ್ಕೋಹಾಲಿನವು. ಅಷ್ಟಿದ್ದರೆ ಕೈಯಲ್ಲಿ ಹಿಡಿಯುವ ಯಂತ್ರಕ್ಕೂ ಗೊತ್ತಾಗುತ್ತದೆ, ಪಕ್ಕದಲ್ಲಿ ನಿಂತವರ ಮೂಗಿಗೂ ಗೊತ್ತಾಗುತ್ತದೆ.

ಕ್ಯಾನ್ಸರ್ ವಿಷಯದಲ್ಲಿ ಹುಡುಕುವ ವಸ್ತುಗಳು ನೂರು ಕೋಟಿ ಅಣುಗಳಲ್ಲಿ ಒಂದೋ, ಹತ್ತೋ, ಹೆಚ್ಚೆಂದರೆ ಕೆಲವು ನೂರೋ ಇರುತ್ತವೆ. ನೂರು ಕೋಟಿಯಲ್ಲಿ ಒಂದು ಅಂದರೆ ಎಷ್ಟು? ನಮ್ಮ ಕಡೆ ಬೇಸಿಗೆಯಲ್ಲಿ ಬೀದಿಗೆ ಬರುವ 5,000 ಲೀಟರಿನ ನೀರಿನ ಟ್ಯಾಂಕರನ್ನು ನೆನೆಸಿಕೊಳ್ಳಿ. ಅಂಥ ಹತ್ತು ಟ್ಯಾಂಕರ್ ನೀರಿಗೆ ಒಂದೇ ಒಂದು ಹನಿ ಬಿಟ್ಟರೆ ಎಷ್ಟೋ ಅಷ್ಟು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕುಡಿಯದವರ ಉಸಿರಿನಲ್ಲಿ ಆಲ್ಕೋಹಾಲ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ‘ಇದೆ’ ಅಥವಾ ‘ಇಲ್ಲ’ ಎಂದು ಹೇಳಿಬಿಡಬಹುದು. ಕ್ಯಾನ್ಸರಿಗೆ ಸಂಬಂಧಿಸಿದ ವಸ್ತುಗಳಾದರೋ ಎಲ್ಲರ ಉಸಿರಿನಲ್ಲೂ ಇವೆ. ವ್ಯತ್ಯಾಸವಿರುವುದು ಹೆಚ್ಚು ಕಡಿಮೆಯಲ್ಲಿ, ಅದೂ ನಾಲ್ಕೈದು ವಸ್ತುಗಳನ್ನು ಒಟ್ಟಿಗೆ ನೋಡಿದಾಗ. ಇದು ಕ್ಯಾನ್ಸರಿನದೇ ಎನ್ನಬಹುದಾದ ಒಂಟಿ ವಸ್ತು ಉಸಿರಿನಲ್ಲಿ ಈತನಕ ಸಿಕ್ಕಿಲ್ಲ.

ಹಾಗಂತ ಇದು ಗಾಳಿಸುದ್ದಿಯೂ ಅಲ್ಲ. ಮನುಷ್ಯನ ಉಸಿರಿನಲ್ಲಿ ಸುಮಾರು 250 ವಸ್ತುಗಳಿವೆ ಎಂದು ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ 1971ರಲ್ಲೇ ತೋರಿಸಿದ್ದರು. ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಹೊಸ್ಸಾಮ್ ಹೈಕ್ ಅವರ ತಂಡ ಚಿನ್ನದ ನ್ಯಾನೋ ಕಣಗಳಿಂದ ಮಾಡಿದ ಸಂವೇದಕಗಳಿಂದ ಚೀನಾದ 130 ರೋಗಿಗಳ ಉಸಿರನ್ನು ನೋಡಿ 2013ರಲ್ಲಿ ವರದಿ ಮಾಡಿತು. 2015ರಲ್ಲಿ 484 ಜನರ ಮೇಲಿನ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ ಜಠರ ಕ್ಯಾನ್ಸರ್ ಇದ್ದವರ ಪೈಕಿ ಶೇ 73 ಜನ ಸಿಕ್ಕಿಬಿದ್ದರು, ಇಲ್ಲದವರ ಪೈಕಿ ಶೇ 98 ಜನರಿಗೆ ‘ಇಲ್ಲ’ ಎಂದೇ ಬಂತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜಾರ್ಜ್ ಹನ್ನಾ ಅವರ ತಂಡ 2018ರಲ್ಲಿ ಮೂರು ಆಸ್ಪತ್ರೆಗಳ 335 ಜನರ ಉಸಿರಿನಲ್ಲಿ ಐದೇ ವಸ್ತುಗಳನ್ನು ಅಳೆಯಿತು: ಬ್ಯುಟಿರಿಕ್, ಪೆಂಟನೋಯಿಕ್ ಮತ್ತು ಹೆಕ್ಸನೋಯಿಕ್ ಆಮ್ಲಗಳು, ಬ್ಯುಟನಾಲ್ ಮತ್ತು ಡೆಕನಾಲ್ ಎಂಬ ಆಲ್ಡಿಹೈಡುಗಳು. ಅನ್ನನಾಳ ಮತ್ತು ಜಠರದ ಕ್ಯಾನ್ಸರ್ ಸೇರಿ ಇದ್ದವರಲ್ಲಿ ಶೇ 80 ಜನರನ್ನು ಅದು ಹಿಡಿಯಿತು, ಇಲ್ಲದವರಲ್ಲಿ ಶೇ 81 ಜನರನ್ನು ಸರಿಯಾಗಿ ಬಿಟ್ಟಿತು. ಬ್ಯುಟಿರಿಕ್ ಆಮ್ಲ ನಿಮಗೆ ಗೊತ್ತಿರುವ ವಾಸನೆಯೇ, ಕಮಟು ಹಿಡಿದ ಬೆಣ್ಣೆಯದು.

ಈ ವಸ್ತುಗಳು ಹುಟ್ಟುವುದಕ್ಕೆ ಕಾರಣಗಳು ಹಲವು. ಗಡ್ಡೆಯ ಜೀವಕೋಶಗಳ ಕೊಬ್ಬಿನ ಪೊರೆ ಆಕ್ಸಿಡೀಕರಣಗೊಂಡು ಒಡೆದಾಗ ಆಲ್ಡಿಹೈಡುಗಳು ಬರುತ್ತವೆ, ಅವನ್ನು ಕರಗಿಸಬೇಕಾದ ಕಿಣ್ವಗಳ ಕೆಲಸವೂ ಗಡ್ಡೆಯಲ್ಲಿ ಏರುಪೇರಾಗಿರುತ್ತದೆ. ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾದಾಗ ಅಲ್ಲಿ ಬೆಳೆಯಬಾರದ ಬ್ಯಾಕ್ಟೀರಿಯಾ ಬೆಳೆದು ತಮ್ಮ ಪಾಲನ್ನೂ ಸೇರಿಸುತ್ತವೆ.

ನೂರಕ್ಕೆ ಎಂಬತ್ತು ಸರಿ ಬರುತ್ತದೆ ಅಂದಮೇಲೆ ಹಳ್ಳಿ ಹಳ್ಳಿಗೆ ಹೋಗಿ ಎಲ್ಲರಿಗೂ ಮಾಡಿಬಿಡಬಹುದಲ್ಲ? ಸರ್ಕಾರ ಯಾಕೆ ಮಾಡುತ್ತಿಲ್ಲ?
— ಗೃಹಿಣಿ, ಮುಳಬಾಗಿಲು

ಲೆಕ್ಕ ಹಾಕಿ ನೋಡೋಣ ಅಮ್ಮಾ. 10,000 ಜನ ಇದ್ದಾರೆ, ಅವರಲ್ಲಿ 10 ಜನರಿಗೆ ತಿಳಿಯದೇ ಜಠರ ಕ್ಯಾನ್ಸರ್ ಇದೆ ಎಂದಿಟ್ಟುಕೊಳ್ಳಿ. ಲಂಡನ್ನಿನ ಆ ಪರೀಕ್ಷೆ 10ರಲ್ಲಿ 8 ಜನರನ್ನು ಹಿಡಿಯುತ್ತದೆ, ಇಬ್ಬರು ತಪ್ಪಿಸಿಕೊಳ್ಳುತ್ತಾರೆ. ಉಳಿದ 9,990 ಜನರಿಗೆ ಏನೂ ಇಲ್ಲ, ಆದರೂ ಅವರಲ್ಲಿ ಶೇ 19 ಜನರಿಗೆ, ಅಂದರೆ ಸುಮಾರು 1,898 ಜನರಿಗೆ ‘ಇದೆ’ ಎಂದು ಬರುತ್ತದೆ. ಒಟ್ಟು 1,906 ಜನ ಗಾಬರಿ ಬಿದ್ದು ಎಂಡೋಸ್ಕೋಪಿಗೆ, ಅಂದರೆ ಬಾಯಿಂದ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವ ಪರೀಕ್ಷೆಗೆ, ಸಾಲು ನಿಲ್ಲುತ್ತಾರೆ. ನಿಜವಾಗಿ ಕಾಯಿಲೆ ಇರುವವರು ಅವರಲ್ಲಿ 8 ಜನ, 238ರಲ್ಲಿ ಒಬ್ಬರು. ಇತ್ತ ತಪ್ಪಿಹೋದ ಆ ಇಬ್ಬರು ‘ನಮಗೇನೂ ಇಲ್ಲ’ ಎಂದು ನೆಮ್ಮದಿಯಾಗಿ ಮನೆಗೆ ಹೋಗಿರುತ್ತಾರೆ.

ಅದೇ ಪರೀಕ್ಷೆಯನ್ನು ಬಹಳ ದಿನದಿಂದ ಹೊಟ್ಟೆಯ ತೊಂದರೆ ಇರುವವರಿಗೆ ಮಾತ್ರ ಮಾಡಿದರೆ ಚಿತ್ರ ಬದಲಾಗುತ್ತದೆ. ಅಂಥ ಗುಂಪಿನಲ್ಲಿ ನೂರಕ್ಕೆ ಇಬ್ಬರಿಗೆ ಕ್ಯಾನ್ಸರ್ ಇದೆ ಎಂದುಕೊಂಡರೆ, ‘ಇದೆ’ ಎಂದು ಬಂದ ಹನ್ನೆರಡು ಹದಿಮೂರು ಜನರಲ್ಲಿ ಒಬ್ಬರಿಗೆ ನಿಜವಾಗಿಯೂ ಇರುತ್ತದೆ. ಎಂಡೋಸ್ಕೋಪಿಗೆ ಮೊದಲು ಯಾರನ್ನು ಕಳಿಸಬೇಕು ಎಂದು ಆಯುವ ಜರಡಿಯಾಗಿ ಇದು ಮುಂದೆ ಉಪಯೋಗಕ್ಕೆ ಬರಬಹುದು. ಸಂಶೋಧಕರೂ ಆ ಕೆಲಸಕ್ಕೆಂದೇ ಇದನ್ನು ತಯಾರು ಮಾಡುತ್ತಿದ್ದಾರೆ, ಎಂಡೋಸ್ಕೋಪಿಯ ಬದಲಿಗೆ ಅಲ್ಲ.

ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿ ಈ ಕ್ಯಾನ್ಸರ್ ತುಂಬ ಹೆಚ್ಚು. ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆ ನಡೆಯುತ್ತದೆ. ಅಲ್ಲಿ ಮುಖ್ಯವಾಗಿ ಬಳಸುವುದೂ ಎಂಡೋಸ್ಕೋಪಿಯನ್ನೇ ಹೊರತು ಉಸಿರನ್ನಲ್ಲ.

ಟೊಮೆಟೊ ಮಂಡಿಯಲ್ಲಿ ಕೆಲಸ. ಎರಡು ವರ್ಷದಿಂದ ಗ್ಯಾಸ್ಟ್ರಿಕ್, ದಿನಾ ಬೆಳಿಗ್ಗೆ ಒಂದು ಮಾತ್ರೆ ನುಂಗಿದರೇನೇ ಆಗೋದು. ಡಾಕ್ಟ್ರು ‘ಬ್ರೆತ್ ಟೆಸ್ಟ್’ ಬರೆದುಕೊಟ್ಟಿದ್ದಾರೆ. ಇದು ಕ್ಯಾನ್ಸರ್ ಟೆಸ್ಟಾ? ಏನು ತಯಾರಿ ಬೇಕು?
— ಓದುಗರು, ಕೋಲಾರ

ಅಲ್ಲಪ್ಪಾ, ಹೆದರಬೇಡಿ. ನಿಮಗೆ ಬರೆದಿರುವುದು ಯೂರಿಯಾ ಉಸಿರು ಪರೀಕ್ಷೆ. ಅದು ಹುಡುಕುವುದು ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದರು, 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೊಟ್ಟೆ ಹುಣ್ಣಿಗೆ ಇದು ದೊಡ್ಡ ಕಾರಣ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮ ದೇಶದಲ್ಲಿ ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿ ಇದಿದೆ, ಅವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಈ ಎರಡು ಮಾತನ್ನೂ ಒಟ್ಟಿಗೇ ನೆನಪಿಡಿ.

ಈ ಬ್ಯಾಕ್ಟೀರಿಯಾ ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಅಮೋನಿಯಾ ಮತ್ತು ಕಾರ್ಬನ್ ಡೈ ಆಕ್ಸೈಡ್ ಆಗಿ ಒಡೆಯುತ್ತದೆ. ಗುರುತು ಹಾಕಿದ ಇಂಗಾಲವಿರುವ ಯೂರಿಯಾ ಕುಡಿಸಿದರೆ, ಸ್ವಲ್ಪ ಹೊತ್ತಿಗೆ ಅದೇ ಗುರುತಿನ ಇಂಗಾಲ ಉಸಿರಿನಲ್ಲಿ ಕಾಣಿಸುತ್ತದೆ. ಬ್ಯಾಕ್ಟೀರಿಯಾ ಇಲ್ಲದಿದ್ದರೆ ಕಾಣಿಸುವುದಿಲ್ಲ. ಸರಿಯಾಗಿ ಮಾಡಿದರೆ ನೂರರಲ್ಲಿ 95ಕ್ಕೂ ಹೆಚ್ಚು ಸಲ ಸರಿಯಾದ ಉತ್ತರ ಕೊಡುವ ಪರೀಕ್ಷೆ ಇದು. ಕೆಡುವುದೇನಿದ್ದರೂ ತಯಾರಿಯಲ್ಲಿ.

ಮೊದಲನೆಯದು ನಿಮ್ಮ ಬೆಳಗಿನ ಮಾತ್ರೆ. ಅದು ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಇವುಗಳಲ್ಲಿ ಒಂದಾಗಿದ್ದರೆ ಪರೀಕ್ಷೆಗೆ 14 ದಿನ ಮುಂಚೆ ನಿಲ್ಲಿಸಬೇಕು. ಈ ಮಾತ್ರೆಗಳು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಸಂಖ್ಯೆ ತಗ್ಗಿಸಿ ಮಂಕು ಮಾಡುತ್ತವೆ. ಆಗ ಇದ್ದರೂ ‘ಇಲ್ಲ’ ಎಂದು ಬರುತ್ತದೆ. ಯಾವುದೇ ಕಾಯಿಲೆಗೆ ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ 4 ವಾರ ಕಾಯಬೇಕು, ಬಿಸ್ಮತ್ ಇರುವ ಔಷಧಿಗೂ ಅಷ್ಟೇ. ಫೆಮೊಟಿಡಿನ್ ಬಗೆಯದಾದರೆ ಎರಡು ದಿನ ಸಾಕು. ನಡುವೆ ಉರಿ ತಡೆಯಲಾಗದಿದ್ದರೆ ಸಾದಾ ಆಂಟಾಸಿಡ್ ಸಿರಪ್ ಕುಡಿಯಬಹುದು, ಪರೀಕ್ಷೆಯ ದಿನ ಅದೂ ಬೇಡ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿರುವವರು, ಹಿಂದೆ ಹುಣ್ಣಿನಿಂದ ರಕ್ತ ಹೋದವರು ಮಾತ್ರ ಗ್ಯಾಸ್ಟ್ರಿಕ್ ಮಾತ್ರೆಯನ್ನು ತಾವಾಗಿ ಬಿಡಬಾರದು, ವೈದ್ಯರನ್ನು ಕೇಳಿಯೇ ಬಿಡಬೇಕು.

ಎರಡನೆಯದು ಹೊಟ್ಟೆ ಖಾಲಿ ಇರಬೇಕು, ಕನಿಷ್ಠ 6 ಗಂಟೆ. ರಾತ್ರಿ ಊಟ ಮಾಡಿ ಮಲಗಿ ಬೆಳಿಗ್ಗೆ ಹೋಗುವುದು ಸುಲಭ. ‘ಒಂದು ಲೋಟ ರಾಗಿ ಅಂಬಲಿ ತಾನೇ’ ಎಂದು ಕುಡಿದು ಹೋಗುವವರು ನಮ್ಮ ಕಡೆ ಜಾಸ್ತಿ, ಆದರೆ ಈ ಪರೀಕ್ಷೆಗೆ ಅಂಬಲಿಯಷ್ಟು ತೊಡಕಿನದು ಇನ್ನೊಂದಿಲ್ಲ. ಗುರುತಿಗೆ ಬಳಸುವುದು ಇಂಗಾಲ-13. ಪ್ರಕೃತಿಯಲ್ಲಿರುವ ಇಂಗಾಲದಲ್ಲೇ ಶೇ 1.1ರಷ್ಟು ಅದು ಇದೆ. ರಾಗಿ, ಜೋಳ, ಮುಸುಕಿನ ಜೋಳ, ಕಬ್ಬು ಇವು ಗಾಳಿಯಿಂದ ಇಂಗಾಲ ಹಿಡಿಯುವ ರೀತಿ ಅಕ್ಕಿ ಗೋಧಿಗಳದಕ್ಕಿಂತ ಬೇರೆ, ಹಾಗಾಗಿ ಅವುಗಳಲ್ಲಿ ಇಂಗಾಲ-13 ತುಸು ಹೆಚ್ಚು. ಸಾವಿರಕ್ಕೆ ಸುಮಾರು 15 ಪಾಲಿನಷ್ಟು ಹೆಚ್ಚು. ಪರೀಕ್ಷೆಯಲ್ಲಿ ‘ಇದೆ’ ಎನ್ನಲು ಬೇಕಾದ ಏರಿಕೆ ಸಾಮಾನ್ಯವಾಗಿ ಸಾವಿರಕ್ಕೆ 4 ಪಾಲು ಅಷ್ಟೇ. ಅಂಬಲಿಯೋ ಎರಡು ಚಮಚ ಸಕ್ಕರೆಯ ಕಾಫಿಯೋ ಹೊಟ್ಟೆಯಲ್ಲಿ ಆಗಲೇ ಅರಗುತ್ತಿದ್ದರೆ ಆ ಏರಿಕೆಯೂ ಲೆಕ್ಕಕ್ಕೆ ಸೇರಿಕೊಳ್ಳಬಹುದು. ಹಿಂದಿನ ರಾತ್ರಿ ಮುದ್ದೆ ಉಂಡಿದ್ದರೆ ತೊಂದರೆಯಿಲ್ಲ. ಯೂರಿಯಾ ಕುಡಿಯುವ ಮುಂಚೆ ಒಂದು ಸಲ ಊದಿಸಿ, ಕುಡಿದ ಮೇಲಿನದನ್ನು ಅದಕ್ಕೇ ಹೋಲಿಸುವುದರಿಂದ ಮುದ್ದೆ ಉಣ್ಣುವವರಿಗೂ ಅನ್ನ ಉಣ್ಣುವವರಿಗೂ ಅವರವರದೇ ಅಳತೆಗೋಲು ಸಿಗುತ್ತದೆ.

ಅಲ್ಲಿ ನಡೆಯುವುದು ಹೀಗೆ. ಬಾಯಿ ಚೆನ್ನಾಗಿ ಮುಕ್ಕಳಿಸಬೇಕು, ಏಕೆಂದರೆ ಬಾಯಿಯಲ್ಲೂ ಯೂರಿಯಾ ಒಡೆಯುವ ಬೇರೆ ಬ್ಯಾಕ್ಟೀರಿಯಾಗಳಿವೆ. ಎಲೆ ಅಡಿಕೆ, ಕಡ್ಡಿಪುಡಿ, ಬೀಡಿ ಆ ಬೆಳಿಗ್ಗೆ ಬೇಡವೇ ಬೇಡ. ಉಸಿರನ್ನು ಐದು ಹತ್ತು ಸೆಕೆಂಡ್ ಹಿಡಿದು ಚೀಲಕ್ಕೋ, ಸ್ಟ್ರಾ ಮೂಲಕ ಗಾಜಿನ ನಳಿಕೆಗೋ ಊದುತ್ತೀರಿ. ನಳಿಕೆಯಾದರೆ ಸ್ಟ್ರಾ ತಳ ಮುಟ್ಟಿರಲಿ. ಒಳಗೋಡೆಗೆ ಮಂಜು ಕಟ್ಟಿದ ಮೇಲೆ, ಊದುತ್ತಲೇ ಸ್ಟ್ರಾ ಹೊರಗೆಳೆದು ತಕ್ಷಣ ಮುಚ್ಚಳ ಹಾಕಬೇಕು. ಊದುವುದು ನಿಲ್ಲಿಸಿ ಎಳೆದರೆ ಹೊರಗಿನ ಗಾಳಿ ನುಗ್ಗುತ್ತದೆ. ಆಮೇಲೆ ಸಾಮಾನ್ಯವಾಗಿ 75 ಮಿ.ಗ್ರಾಂ ಯೂರಿಯಾ ಕರಗಿಸಿದ, ಹುಳಿಯಾದ ಸಿಟ್ರಿಕ್ ಆಮ್ಲದ ಪಾನೀಯ ಕೊಡುತ್ತಾರೆ. ಹುಳಿ ರುಚಿಗಲ್ಲ, ಹೊಟ್ಟೆ ಬೇಗ ಖಾಲಿಯಾಗದಂತೆ ತಡೆಯುವುದಕ್ಕೆ, ಕಿಣ್ವ ಚುರುಕಾಗಿ ಕೆಲಸ ಮಾಡುವುದಕ್ಕೆ. ಒಂದೇ ಸಲಕ್ಕೆ ಕುಡಿದುಬಿಡಿ. ಕೂತಲ್ಲೇ 30 ನಿಮಿಷ ಕಾದು ಎರಡನೇ ಸಲ ಊದಬೇಕು. ಮಧ್ಯೆ ಚಹಾಕ್ಕೆ ಎದ್ದು ಹೋಗಬೇಡಿ.

ಇಲ್ಲಿ ಮಾಡುವುದು ‘ಸಿ-14’ ಪರೀಕ್ಷೆಯಂತೆ, ಅದರಲ್ಲಿ ವಿಕಿರಣ ಇದೆ ಅಂದರು. ಸೊಸೆ ಮೂರು ತಿಂಗಳ ಗರ್ಭಿಣಿ. ಮಾಡಿಸಬಹುದಾ?
— ಓದುಗರು, ಕೆ.ಜಿ.ಎಫ್.

ಸೊಸೆಗೆ ಬೇಡ. ದೊಡ್ಡವರಿಗೆ ಅದರಲ್ಲಿ ಭಯಪಡುವಂಥದ್ದಿಲ್ಲ. ಅದೂ ಯೂರಿಯಾ ಪರೀಕ್ಷೆಯೇ, ಗುರುತಿಗೆ ಮಾತ್ರ ವಿಕಿರಣ ಸೂಸುವ ಇಂಗಾಲ-14. ಗುಳಿಗೆಯಲ್ಲಿರುವ ವಿಕಿರಣ ಬರೀ 1 ಮೈಕ್ರೋಕ್ಯೂರಿ, ಮೈಗೆ ತಗಲುವ ವಿಕಿರಣ ನೆಲದಿಂದ, ಆಕಾಶದಿಂದ ನಮಗೆ ಒಂದು ದಿನದಲ್ಲಿ ತಾನಾಗಿ ತಗಲುವುದಕ್ಕಿಂತ ಕಡಿಮೆ. ಆದರೂ ಗರ್ಭಿಣಿಯರಿಗೆ, ಮಕ್ಕಳಿಗೆ ಅದನ್ನು ಬಳಸುವುದಿಲ್ಲ. ವಿಕಿರಣವೇ ಇಲ್ಲದ ಇಂಗಾಲ-13 ಇದೆ, ಮಲದಲ್ಲಿ ಬ್ಯಾಕ್ಟೀರಿಯಾದ ಗುರುತು ಹುಡುಕುವ ಆಂಟಿಜೆನ್ ಪರೀಕ್ಷೆಯೂ ಇದೆ. ಅಷ್ಟಕ್ಕೂ ಗರ್ಭಿಣಿಯಲ್ಲಿ ಬ್ಯಾಕ್ಟೀರಿಯಾ ಸಿಕ್ಕರೂ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೆರಿಗೆಯ ನಂತರಕ್ಕೇ ಇಟ್ಟುಕೊಳ್ಳುತ್ತಾರೆ. ಹಾಗಿದ್ದಮೇಲೆ ಈಗಲೇ ಅವಸರವೇಕೆ?

ಅಪ್ಪನಿಗೆ 58 ವರ್ಷ. ಬ್ರೆತ್ ಟೆಸ್ಟ್ ನೆಗೆಟಿವ್ ಬಂದಿದೆ. ಆದರೆ ಐದಾರು ತಿಂಗಳಲ್ಲಿ 62 ಕೆ.ಜಿ. ಇದ್ದವರು 55ಕ್ಕೆ ಇಳಿದಿದ್ದಾರೆ. ಅರ್ಧ ಮುದ್ದೆಗೇ ಹೊಟ್ಟೆ ತುಂಬಿತು ಅನ್ನುತ್ತಾರೆ. ಎಂಡೋಸ್ಕೋಪಿ ಬೇಡ ಅಂತ ಹಟ. ಇನ್ನೊಂದು ಸಲ ಬ್ರೆತ್ ಟೆಸ್ಟ್ ಮಾಡಿಸಲಾ?
— ಮಗಳು, ಶ್ರೀನಿವಾಸಪುರ

ಬೇಡಮ್ಮಾ. ಈ ವಾರವೇ ಎಂಡೋಸ್ಕೋಪಿ ಮಾಡಿಸಿ. ನಿಮ್ಮ ಪತ್ರದಲ್ಲಿರುವ ಎರಡೂ ಲಕ್ಷಣಗಳು ಕಾಯಿಸುವಂಥವಲ್ಲ. ಆರು ತಿಂಗಳಲ್ಲಿ, ತಾವಾಗಿ ಪ್ರಯತ್ನಿಸದೆ, ತೂಕದಲ್ಲಿ ಶೇ 5ಕ್ಕಿಂತ ಹೆಚ್ಚು ಇಳಿದರೆ ಕಾರಣ ಹುಡುಕಲೇಬೇಕು. ನಿಮ್ಮ ತಂದೆಯವರದು ಶೇ 11 ಇಳಿದಿದೆ.

ಯೂರಿಯಾ ಪರೀಕ್ಷೆಯ ನೆಗೆಟಿವ್ ಇಲ್ಲಿ ಧೈರ್ಯ ಕೊಡುವಂಥದ್ದಲ್ಲ, ಅದು ಕ್ಯಾನ್ಸರನ್ನು ನೋಡಿಯೇ ಇಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಈ ಬ್ಯಾಕ್ಟೀರಿಯಾ ಹತ್ತಾರು ವರ್ಷ ಹೊಟ್ಟೆಯ ಒಳಪದರವನ್ನು ಸವೆಸುತ್ತದೆ. ಪದರ ತೆಳುವಾಗಿ, ಆಮ್ಲ ಹುಟ್ಟುವುದೇ ನಿಂತ ಮೇಲೆ ಆ ಜಾಗ ಬ್ಯಾಕ್ಟೀರಿಯಾಕ್ಕೇ ಒಗ್ಗುವುದಿಲ್ಲ, ಅದು ಕಡಿಮೆಯಾಗುತ್ತದೆ, ಕೆಲವೊಮ್ಮೆ ಪೂರ್ತಿ ಹೋಗಿಬಿಡುತ್ತದೆ. ಕ್ಯಾನ್ಸರ್ ಹುಟ್ಟುವುದು ಹೆಚ್ಚಾಗಿ ಅಂಥ ಸವೆದ ಪದರದಲ್ಲೇ. ಬೆಂಕಿ ಹಚ್ಚಿದವನು ಊರು ಬಿಟ್ಟು ಹೋದಮೇಲೆ ‘ಇಲ್ಲಿ ಯಾರೂ ಇಲ್ಲ’ ಎಂದು ಬರೆದುಕೊಟ್ಟ ಹಾಗೆ ಆ ವರದಿ.

ಕಾಯಿಸಬಾರದ ಉಳಿದ ಲಕ್ಷಣಗಳನ್ನೂ ಬೇರೆ ಓದುಗರಿಗಾಗಿ ಹೇಳಿಬಿಡುತ್ತೇವೆ. ನುಂಗುವಾಗ ಸಿಕ್ಕಿಕೊಳ್ಳುವುದು, ಮತ್ತೆ ಮತ್ತೆ ವಾಂತಿ, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂಥದ್ದು, ಕಾರಣವಿಲ್ಲದ ರಕ್ತಹೀನತೆ, ಡಾಂಬರಿನಂತೆ ಕಪ್ಪಗೆ ಅಂಟಂಟಾಗಿ ನಾರುವ ಮಲ. ಕಬ್ಬಿಣದ ಮಾತ್ರೆ ನುಂಗಿದರೂ ಮಲ ಕಪ್ಪಾಗುತ್ತದೆ, ಆದರೆ ಆ ಅಂಟು, ಆ ವಾಸನೆ ಇರುವುದಿಲ್ಲ. ನಲವತ್ತೈದು ದಾಟಿದ ಮೇಲೆ ಮೊದಲ ಬಾರಿಗೆ ಶುರುವಾದ, ಬಿಡದೆ ಕಾಡುವ ಅಜೀರ್ಣವನ್ನೂ ‘ಗ್ಯಾಸ್ಟ್ರಿಕ್ಕು’ ಎಂದು ಮೆಡಿಕಲ್ ಸ್ಟೋರಿನಲ್ಲೇ ಮುಗಿಸಬೇಡಿ. ಮಾತ್ರೆ ನುಂಗಿ ಆರಾಮಾದರೆ ಕ್ಯಾನ್ಸರ್ ಅಲ್ಲ ಎಂಬ ನಂಬಿಕೆಯೂ ತಪ್ಪು. ಆಮ್ಲ ತಗ್ಗಿಸುವ ಮಾತ್ರೆಗೆ ಕ್ಯಾನ್ಸರಿನ ಹುಣ್ಣೂ ಮೇಲ್ಮೇಲೆ ಸ್ವಲ್ಪ ಮಾಯ್ದಂತೆ ಕಾಣುವುದುಂಟು.

ತಂದೆಯವರ ಹಟ ಬಹುಶಃ ಭಯದ್ದು. ಅವರಿಗೆ ಹೀಗೆ ಹೇಳಿ: ಕೊಳವೆ ಕಿರುಬೆರಳಿನಷ್ಟು ದಪ್ಪ, ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸುತ್ತಾರೆ, ಎಡಮಗ್ಗುಲಾಗಿ ಮಲಗಿಸುತ್ತಾರೆ, ಐದರಿಂದ ಹತ್ತು ನಿಮಿಷದ ಕೆಲಸ. ಓಕರಿಕೆ ಬರುತ್ತದೆ, ಉಸಿರು ಕಟ್ಟುವುದಿಲ್ಲ, ಏಕೆಂದರೆ ಕೊಳವೆ ಹೋಗುವುದು ಅನ್ನದ ದಾರಿಯಲ್ಲಿ. ಮೂಗಿನಿಂದ ನಿಧಾನವಾಗಿ ಉಸಿರಾಡುತ್ತಿದ್ದರೆ ಓಕರಿಕೆಯೂ ಕಡಿಮೆ. ಹಿಂದಿನ ರಾತ್ರಿಯ ಊಟದಿಂದ 8 ಗಂಟೆ ಏನೂ ತಿನ್ನಬಾರದು, ನೀರು 2 ಗಂಟೆ ಮುಂಚಿನವರೆಗೆ ಸರಿ. ಊಟ ಮುಂದೆ ಹೋಗುತ್ತಿಲ್ಲ, ಹಳೆಯ ಅನ್ನವೇ ವಾಂತಿಯಾಗುತ್ತಿದೆ ಎಂದಾದರೆ ಅದನ್ನು ಮುಂಚೆಯೇ ತಿಳಿಸಿ, ಹೆಚ್ಚು ಹೊತ್ತು ಉಪವಾಸ ಬೇಕಾಗುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಹೆಸರು ಬರೆದುಕೊಂಡು ಹೋಗಿ. ಮುಗಿದ ಮೇಲೆ ಗಂಟಲಿನ ಮರಗಟ್ಟು ಬಿಡುವವರೆಗೆ, ಸುಮಾರು ಒಂದು ಗಂಟೆ, ನೀರೂ ಕುಡಿಸಬೇಡಿ.

ಹುಣ್ಣು ಕಂಡರೆ ಅದರ ಅಂಚಿನಿಂದ ಆರರಿಂದ ಎಂಟು ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಒಂದೆರಡೇ ಚೂರು ತೆಗೆದರೆ ಕ್ಯಾನ್ಸರ್ ಇರುವ ಜಾಗ ತಪ್ಪಿಹೋಗಬಹುದು. ‘ಎಷ್ಟು ಚೂರು ತೆಗೆದಿರಿ?’ ಎಂದು ಕೇಳಲು ಸಂಕೋಚಪಡಬೇಡಿ. ಜಠರದ ಹುಣ್ಣು ಕ್ಯಾನ್ಸರ್ ಅಲ್ಲವೆಂದು ಬಂದರೂ 8ರಿಂದ 12 ವಾರದಲ್ಲಿ ಮತ್ತೊಮ್ಮೆ ಕೊಳವೆ ಹಾಕಿ ಪೂರ್ತಿ ಮಾಯ್ದಿದೆಯೇ ಎಂದು ನೋಡುವುದು ಕ್ರಮ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಮುಂದಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಡೈರಿ ಸರ್ಕಲ್ ಹತ್ತಿರದ ಕಿದ್ವಾಯಿ ಸಂಸ್ಥೆ ಇದೆ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ, ಹಾಗಾಗಿ ಪತ್ರವಿಲ್ಲದೆ ಬಸ್ಸು ಹತ್ತಬೇಡಿ.

ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ಉಸಿರಿನ ಮಾದರಿ ಸಂಗ್ರಹಿಸುವ ಸಂಶೋಧನೆಗೆ ಸೇರುವ ಅವಕಾಶ ಬಂದಿದೆ. ಒಂದೇ ರೋಗಿಯ ಮಾದರಿ ಎರಡು ದಿನ ಎರಡು ಥರ ಬರುತ್ತದೆ ಎಂದು ಕೇಳಿದ್ದೇನೆ. ಎಲ್ಲೆಲ್ಲಿ ಎಚ್ಚರ ಬೇಕು?
— ಓದುಗರು, ಮಾಲೂರು

ನಿಮ್ಮ ಮೊದಲ ಶತ್ರು ರೋಗಿಯ ಉಸಿರಲ್ಲ, ಕೋಣೆಯ ಗಾಳಿ. ಸೂಜಿ ಚುಚ್ಚುವ ಮುಂಚೆ ಒರೆಸುವ ಸ್ಪಿರಿಟ್, ಕೈಗೆ ಹಚ್ಚುವ ಸ್ಯಾನಿಟೈಸರ್, ನೆಲಕ್ಕೆ ಹಾಕಿದ ಫಿನಾಯಿಲ್, ಹೊಸ ಬಣ್ಣ, ಕಿಟಕಿಯಾಚೆ ನಿಂತ ಡೀಸೆಲ್ ಗಾಡಿ, ಇವೆಲ್ಲ ನೀವು ಹುಡುಕುವ ವಸ್ತುವಿಗಿಂತ ಸಾವಿರ ಪಾಲು ಹೆಚ್ಚು ವಾಸನೆಯನ್ನು ಗಾಳಿಗೆ ಬಿಡುತ್ತವೆ. ಪ್ರತಿ ರೋಗಿಯ ಜೊತೆಗೆ ಅದೇ ಕೋಣೆಯ ಬರೀ ಗಾಳಿಯ ಮಾದರಿಯನ್ನೂ ತೆಗೆಯಿರಿ. ಊದಿಸುವ ಮುಂಚೆ ರೋಗಿ ಅದೇ ಕೋಣೆಯಲ್ಲಿ 15–20 ನಿಮಿಷ ಸುಮ್ಮನೆ ಕೂರಲಿ. ಅದರಿಂದ ಇನ್ನೊಂದು ಲಾಭವೂ ಇದೆ: ಮೆಟ್ಟಿಲು ಹತ್ತಿ ಬಂದವರ ಉಸಿರಿನಲ್ಲಿ ಐಸೊಪ್ರೀನ್ ಒಮ್ಮೆಲೇ ಏರಿರುತ್ತದೆ, ಕೂತರೆ ಇಳಿಯುತ್ತದೆ.

ಎರಡನೆಯದು ಬಾಯಿ ಮತ್ತು ಊಟತಿಂಡಿ. ಬೆಳ್ಳುಳ್ಳಿಯ ಅಲೈಲ್ ಮೀಥೈಲ್ ಸಲ್ಫೈಡ್ ರಕ್ತಕ್ಕೆ ಸೇರಿ ಮರುದಿನದವರೆಗೂ ಉಸಿರಿನಲ್ಲಿ ಉಳಿಯುತ್ತದೆ, ಬಾಯಿ ತೊಳೆದರೆ ಹೋಗುವುದಿಲ್ಲ. ಬಸ್ಸಾರು ಉಂಡು ಬಂದವರಿಂದ ಮಾದರಿ ತೆಗೆದರೆ ನಿಮಗೆ ಸಿಗುವುದು ಒಗ್ಗರಣೆಯ ವರದಿ. ಟೂತ್‌ಪೇಸ್ಟಿನಿಂದ ಮೆಂಥಾಲ್ ಬರುತ್ತದೆ. ಬೀಡಿ ಸೇದುವವರಲ್ಲಿ ಬೆಂಜೀನ್, ಅಸಿಟೊನೈಟ್ರೈಲ್ ಇರುತ್ತವೆ, ಅಸಿಟೊನೈಟ್ರೈಲ್ ಬಿಟ್ಟ ಮೇಲೂ ದಿನಗಟ್ಟಲೆ ಉಳಿಯುತ್ತದೆ. ಉಪವಾಸ ಹೆಚ್ಚಾದರೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಅಸಿಟೋನ್ ಏರುತ್ತದೆ. ಹಾಗಾಗಿ ಎಲ್ಲರಿಗೂ ಒಂದೇ ಅವಧಿಯ ಉಪವಾಸ, ಒಂದೇ ಹೊತ್ತು.

ಮೂರನೆಯದು ಉಸಿರಿನ ಯಾವ ಭಾಗ ಹಿಡಿಯುತ್ತೀರಿ ಎಂಬುದು. ಮೊದಲು ಹೊರಬರುವ ಸುಮಾರು 150 ಮಿ.ಲೀ. ಬಾಯಿ, ಗಂಟಲು, ಶ್ವಾಸನಾಳದ ಗಾಳಿ, ಅದು ರಕ್ತವನ್ನು ಮುಟ್ಟಿಯೇ ಇಲ್ಲ. ಅದನ್ನು ಬಿಟ್ಟು ಉಸಿರಿನ ಕೊನೆಯ ಭಾಗ ಹಿಡಿಯಬೇಕು. ಕಾರ್ಬನ್ ಡೈ ಆಕ್ಸೈಡ್ ಮಾಪಕ ಇದ್ದರೆ, ಅದು ಏರಿ ಸಮತಟ್ಟಾದಾಗ ಕವಾಟ ತೆರೆಯುವಂತೆ ಮಾಡಿಕೊಳ್ಳಿ.

ಟೆಡ್ಲರ್ ಚೀಲ ಬಳಸುತ್ತಿದ್ದರೆ ಅದರ ಪ್ಲಾಸ್ಟಿಕ್ಕೇ ಫಿನಾಲ್ ಮತ್ತು ಡೈಮೀಥೈಲ್ ಅಸಿಟಮೈಡ್ ಬಿಡುತ್ತದೆ. ಶುದ್ಧ ನೈಟ್ರೋಜನ್ನಿನಿಂದ ಮೂರು ನಾಲ್ಕು ಸಲ ತುಂಬಿ ಖಾಲಿ ಮಾಡಿ ಬಳಸಿ. ತುಂಬಿದ ಮೇಲೆ ಗಂಟೆಗಟ್ಟಲೆ ಇಡಬೇಡಿ, ಬೇಗನೆ ಆವಿಯ ವಸ್ತುಗಳನ್ನು ಹಿಡಿದಿಡುವ ಟೆನ್ಯಾಕ್ಸ್ ಪುಡಿ ತುಂಬಿದ ಉಕ್ಕಿನ ನಳಿಕೆಗೆ ನಿಧಾನವಾಗಿ ಎಳೆದು, ಹಿತ್ತಾಳೆಯ ಮುಚ್ಚಳ ಬಿಗಿದು ತಣ್ಣಗಿಡಿ. ಆಮ್ಲಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಬ್ಯುಟಿರಿಕ್‌ನಂಥವು ಕೊಳವೆಯ ತಣ್ಣನೆ ಗೋಡೆಗೆ, ಅಲ್ಲಿ ಕಟ್ಟಿದ ನೀರಿನ ಹನಿಗೆ ಅಂಟಿಕೊಂಡು ಯಂತ್ರವನ್ನು ತಲುಪುವುದೇ ಇಲ್ಲ. ದಾರಿಯುದ್ದಕ್ಕೂ ಕೊಳವೆ ಬಿಸಿಯಾಗಿರಬೇಕು. ಒಬ್ಬರ ಮಾದರಿಯಲ್ಲಿ ಅಂಟಿದ್ದು ಮುಂದಿನವರ ಮಾದರಿಯಲ್ಲಿ ಬಿಟ್ಟುಕೊಂಡು ಬರುವುದೂ ಉಂಟು.

ಇವೆಲ್ಲ ಸರಿಯಿದ್ದರೂ ಅಧ್ಯಯನ ಕೆಡುವ ದಾರಿ ಇನ್ನೊಂದಿದೆ, ನಮ್ಮ ಪ್ರಕಾರ ಅದೇ ಅತಿ ದೊಡ್ಡದು. ಕ್ಯಾನ್ಸರ್ ರೋಗಿಗಳ ಮಾದರಿ ವಾರ್ಡಿನಲ್ಲಿ, ಆರೋಗ್ಯವಂತರದ್ದು ಕಾಲೇಜಿನ ಕೋಣೆಯಲ್ಲಿ ತೆಗೆದರೆ ಕಂಪ್ಯೂಟರ್ ಕಲಿಯುವುದು ಕ್ಯಾನ್ಸರನ್ನಲ್ಲ, ವಾರ್ಡಿನ ವಾಸನೆಯನ್ನು. ಲೆಕ್ಕದಲ್ಲಿ ಶೇ 95 ಬರುತ್ತದೆ, ಬೇರೆ ಆಸ್ಪತ್ರೆಗೆ ಒಯ್ದರೆ ಬಿದ್ದುಹೋಗುತ್ತದೆ. ಎಂಡೋಸ್ಕೋಪಿಗೆ ಬಂದ ಎಲ್ಲರಿಂದ, ಒಂದೇ ಕೋಣೆಯಲ್ಲಿ, ಯಾರಿಗೆ ಏನಿದೆ ಎಂದು ಗೊತ್ತಾಗುವ ಮುಂಚೆಯೇ ಮಾದರಿ ತೆಗೆಯುವುದು ಇದಕ್ಕೆ ಪರಿಹಾರ. ಸೇರುವ ಮುಂಚೆ ನಿಮ್ಮ ಮುಖ್ಯಸ್ಥರನ್ನು ಈ ಒಂದು ಪ್ರಶ್ನೆ ಕೇಳಿ. ನೈತಿಕ ಸಮಿತಿಯ ಒಪ್ಪಿಗೆ, ರೋಗಿಯ ಸಹಿ ಇವು ಇದ್ದೇ ಇರಬೇಕು.

ನಮ್ಮ ಊರಿನ ಶಿಬಿರದಲ್ಲಿ ಒಂದು ಪೆಟ್ಟಿಗೆಗೆ ಊದಿಸಿ ‘ಹೊಟ್ಟೆಯಲ್ಲಿ ಕ್ಯಾನ್ಸರ್ ಅಂಶ ಇದೆ’ ಎಂದು ಚೀಟಿ ಕೊಟ್ಟು, ಅಲ್ಲೇ ಪುಡಿ ಮಾರಿದರು. ನಂಬಬಹುದಾ?
— ಓದುಗರು, ಬೇತಮಂಗಲ

ನಂಬಬೇಡಿ. ಹೊಟ್ಟೆಯ ಕ್ಯಾನ್ಸರನ್ನು ಉಸಿರಿನಿಂದ ನಿರ್ಧರಿಸುವ ಪರೀಕ್ಷೆ ಇನ್ನೂ ದಿನನಿತ್ಯದ ಚಿಕಿತ್ಸೆಗೆ ಬಂದಿಲ್ಲ. ‘ಕ್ಯಾನ್ಸರ್ ಅಂಶ’ ಎಂಬ ರೋಗನಿರ್ಣಯವೂ ವೈದ್ಯಶಾಸ್ತ್ರದಲ್ಲಿಲ್ಲ. ರೋಗ ಪತ್ತೆಯ ಸಾಧನಗಳು 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಬರುತ್ತವೆ. ಮಾರುವವರ ಬಳಿ ಸಾಧನದ ಹೆಸರು, ತಯಾರಕರು, ಪರವಾನಗಿ ಸಂಖ್ಯೆ ಕೇಳಿ. ಪರೀಕ್ಷೆ ಮಾಡಿದವರೇ ಮದ್ದನ್ನೂ ಮಾರುತ್ತಿದ್ದರೆ ಆ ಪ್ರಶ್ನೆಗಳೂ ಬೇಕಾಗಿಲ್ಲ, ಎದ್ದು ಬನ್ನಿ. ನಿಮಗೆ ಮೇಲೆ ಹೇಳಿದ ಲಕ್ಷಣಗಳಿದ್ದರೆ ಮಾತ್ರ ಜಿಲ್ಲಾ ಆಸ್ಪತ್ರೆಗೆ ಹೋಗಿ, ಆ ಚೀಟಿಯ ಕಾರಣಕ್ಕಲ್ಲ.

ನಮ್ಮ ತಂದೆ ಹೊಟ್ಟೆ ಕ್ಯಾನ್ಸರಿನಿಂದ ಹೋದರು. ನಾವು ಮೂವರು ಮಕ್ಕಳು. ನಮಗೇನು ಪರೀಕ್ಷೆ ಬೇಕು?
— ಓದುಗರು, ಕೋಲಾರ

ಉಸಿರು ಪರೀಕ್ಷೆಯಿಂದ ನಿಜವಾದ ಪ್ರಯೋಜನ ಇರುವುದು ನಿಮ್ಮಂಥವರಿಗೆ. ಮೂವರೂ ಯೂರಿಯಾ ಪರೀಕ್ಷೆ ಮಾಡಿಸಿ, ಬ್ಯಾಕ್ಟೀರಿಯಾ ಇದ್ದವರು ಚಿಕಿತ್ಸೆ ತೆಗೆದುಕೊಳ್ಳಿ. ದಕ್ಷಿಣ ಕೊರಿಯಾದಲ್ಲಿ ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದ 1,676 ಜನರನ್ನು ಸುಮಾರು ಒಂಬತ್ತು ವರ್ಷ ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆ ಪಡೆದವರ ಗುಂಪಿನಲ್ಲಿ ಶೇ 1.2, ಪಡೆಯದವರಲ್ಲಿ ಶೇ 2.7 ಜನರಿಗೆ ಕ್ಯಾನ್ಸರ್ ಬಂತು. ಎಂಡೋಸ್ಕೋಪಿ ಯಾವಾಗ ಬೇಕು ಎಂಬುದನ್ನು ತಂದೆಗೆ ಯಾವ ವಯಸ್ಸಿನಲ್ಲಿ ಬಂತು ಎಂದು ತಿಳಿಸಿ ಜೀರ್ಣಾಂಗ ವೈದ್ಯರ ಹತ್ತಿರ ನಿರ್ಧರಿಸಿ. ಮನೆತನದಲ್ಲಿ ಇಬ್ಬರು ಮೂವರಿಗೆ, ಅದರಲ್ಲೂ ಐವತ್ತರೊಳಗೆ ಬಂದಿದ್ದರೆ ವಂಶವಾಹಿ ಪರೀಕ್ಷೆಯ ಮಾತೂ ಬರುತ್ತದೆ.

ಚಿಕಿತ್ಸೆ ಅಂದರೆ ಮೂರು ನಾಲ್ಕು ಔಷಧಿ, ಸಾಮಾನ್ಯವಾಗಿ 14 ದಿನ. ಬಾಯಿ ಕಹಿ, ವಾಕರಿಕೆ, ಭೇದಿ ಆಗಬಹುದು. ಜನ ಐದಾರು ದಿನಕ್ಕೆ ಬಿಟ್ಟುಬಿಡುವುದು ಇಲ್ಲೇ, ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಮುಂದಿನ ಸಲ ಅದೇ ಔಷಧಿಗೆ ಬಗ್ಗುವುದಿಲ್ಲ. ಆಂಟಿಬಯೋಟಿಕ್ ಮುಗಿದು ಕನಿಷ್ಠ 4 ವಾರವಾದ ಮೇಲೆ, ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಿ 2 ವಾರವಾದ ಮೇಲೆ ಮತ್ತೆ ಊದಿ ಹೋಗಿದೆಯೇ ಎಂದು ನೋಡಬೇಕು. ಇದಕ್ಕೆ ರಕ್ತದ ಆಂಟಿಬಾಡಿ ಪರೀಕ್ಷೆ ಬೇಡ. ಬ್ಯಾಕ್ಟೀರಿಯಾ ಸತ್ತು ವರ್ಷವಾದರೂ ಅದು ‘ಇದೆ’ ಎಂದೇ ಹೇಳುತ್ತಿರುತ್ತದೆ. ಹೊಗೆಸೊಪ್ಪು, ಬೀಡಿ ಬಿಡಿ, ಉಪ್ಪುಮೀನು, ಉಪ್ಪಿನಕಾಯಿ ಹಿತಮಿತವಾಗಿರಲಿ.

ಬಾಯಿ ವಾಸನೆ ಬಂದರೆ ಹೊಟ್ಟೆಯ ಕ್ಯಾನ್ಸರ್ ಇರಬಹುದಾ?
— ಕಾಲೇಜು ವಿದ್ಯಾರ್ಥಿನಿ, ಮಾಲೂರು

ಇಲ್ಲಮ್ಮಾ. ಹತ್ತರಲ್ಲಿ ಎಂಟೊಂಬತ್ತು ಸಲ ಅದು ಬಾಯಿಯದೇ: ನಾಲಿಗೆಯ ಹಿಂಭಾಗದ ಬಿಳಿ ಪದರ, ವಸಡಿನ ಕಾಯಿಲೆ, ಹುಳುಕು ಹಲ್ಲು. ಕ್ಯಾನ್ಸರಿನ ಸಂಶೋಧನೆಯಲ್ಲಿ ಅಳೆಯುವ ಪ್ರಮಾಣವನ್ನು ಪಕ್ಕದಲ್ಲಿ ಕೂತ ಗೆಳತಿಯ ಮೂಗು ಹಿಡಿಯಲಾರದು. ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಕೆರೆಯಿರಿ, ನೀರು ಚೆನ್ನಾಗಿ ಕುಡಿಯಿರಿ, ಎರಡು ವಾರದಲ್ಲಿ ಹೋಗದಿದ್ದರೆ ದಂತವೈದ್ಯರಿಗೆ ತೋರಿಸಿ.